ಮೂರನೆಯ ತಂತಿಯ ತೂಕ

ಹಾಡು ಮುಗಿಯುವ ಮುನ್ನ ಒಂದು ಜಾಗವಿದೆ. ಅಲ್ಲಿ ಡ್ರಮ್ಮು ನಿಲ್ಲುತ್ತದೆ, ಹಾಡುವವಳು ಬಾಯಿ ಮುಚ್ಚುತ್ತಾಳೆ, ಗಿಟಾರು ಒಂದೇ ಉಳಿಯುತ್ತದೆ. ಗಿಟಾರಿನವಳು ಮೂರನೆಯ ತಂತಿಯನ್ನು ಎಡಗೈಯ ಉಂಗುರದ ಬೆರಳಿನಿಂದ ಒತ್ತಿ ಹಿಡಿದು, ಬಲಗೈಯಿಂದ ಮೀಟಿ, ತಂತಿಯನ್ನು ಪಕ್ಕಕ್ಕೆ ತಳ್ಳುತ್ತಾಳೆ. ತಳ್ಳಿದಷ್ಟೂ ತಂತಿ ಬಿಗಿಯಾಗುತ್ತದೆ. ಬಿಗಿಯಾದಷ್ಟೂ ಸ್ವರ ಏರುತ್ತದೆ. ಪೂರ್ತಿ ಒಂದು ಸ್ವರ ಏರಿ ಅದು ಅಲ್ಲಿಯೇ ನಿಂತಾಗ ಡ್ರಮ್ಮು ಮತ್ತೆ ಬೀಳುತ್ತದೆ, ಹಾಡು ಮನೆ ಸೇರುತ್ತದೆ. ಸ್ವರ ಅರ್ಧಕ್ಕೇ ನಿಂತರೆ, ಕೇಳುವವರಿಗೆ ಸೀನು ಬಂದೂ ಬಾರದೆ ಹೋದ ಹಾಗಾಗುತ್ತದೆ.

ಬೇಕರಿಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ ಅಂದು ಸ್ವರ ಅರ್ಧಕ್ಕೇ ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಗಿಟಾರಿನವಳು ಹಲ್ಲು ಕಚ್ಚಿ ತಳ್ಳಿದಳು. ತಂತಿಯ ಬದಲು ಅವಳ ಬಾಯಿಂದಲೇ ಒಂದು ಸ್ವರ ಹೊರಟಿತು.

ಮೂವರು ಹೆಂಗಸರ ತಂಡವದು. ಡ್ರಮ್ಮು ಬೇಕರಿಯವಳದು, ಹಿಟ್ಟು ನಾದಿ ಗಟ್ಟಿಯಾದ ತೋಳು, ಮೃದುವಾಗಿ ಬಾರಿಸೆಂದರೆ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಹಾಡುವುದೂ ಬೇಸ್ ಗಿಟಾರು ನುಡಿಸುವುದೂ ಆಸ್ಪತ್ರೆಯ ನರ್ಸಿನ ಪಾಲು. ಗಿಟಾರಿನವಳು ಎಲ್ಲರಿಗಿಂತ ಹಿರಿಯಳು, ಅರವತ್ತು ದಾಟಿದವಳು, ಕಾರು ಓಡಿಸಲು ಕಲಿಸುವುದು ಅವಳ ಕಸುಬು. ಅವಳ ಎಡ ಮಣಿಕಟ್ಟು ಮುರಿದದ್ದೂ ಆ ಕಸುಬಿನಲ್ಲೇ. ಗೇಟಿನ ಮುಂದೆ ನಿಲ್ಲಿಸೆಂದು ಹೇಳಿದಾಗ ಕಲಿಯುವವನು ನಿಲ್ಲಿಸಿದ್ದನು, ಆದರೆ ಗೋಡೆಯ ಸಹಾಯದಿಂದ. ಬ್ಯಾಂಡೇಜು ಬಿಚ್ಚಿ ಕೆಲವು ದಿನಗಳಾಗಿದ್ದವು. ಕೈ ಎಲ್ಲ ಕೆಲಸಕ್ಕೂ ಬರುತ್ತಿತ್ತು, ಆ ಒಂದು ತಳ್ಳುವಿಕೆಗೆ ಮಾತ್ರ ಬರುತ್ತಿರಲಿಲ್ಲ.

ಅಲ್ಲಿಯವರೆಗೆ ಅವರ ಹಾಡು ಕೇಳಿದ್ದು ಹಿಟ್ಟಿನ ಚೀಲಗಳು ಮಾತ್ರ. ಈಗ ಹಾಗಲ್ಲ. ದುರಸ್ತಿಗೆಂದು ಬಹುಕಾಲ ಮುಚ್ಚಿದ್ದ ಊರಿನ ಈಜುಕೊಳ ಭಾನುವಾರ ಮತ್ತೆ ತೆರೆಯಲಿತ್ತು. ಅಲ್ಲಿ ಹಾಡಲು ಇವರನ್ನು ಕರೆದಿದ್ದರು. ನೂರಾರು ಜನ ಸೇರುವ ಜಾಗ.

ನರ್ಸು ಮೈಕಿನ ವಯರು ಸುತ್ತುತ್ತ, ಗಿಟಾರಿನವಳ ಮುಖ ನೋಡದೆ ಹೇಳಿದಳು. "ಅಕ್ಕ, ನನಗೂ ಹೇಳೋಕೆ ಕಷ್ಟ. ಆದ್ರೆ ಕೊನೇ ಹಾಡು ಅದೇ. ಅದನ್ನ ಬಿಟ್ರೆ ಉಳಿಯೋದು ಬರೀ ಒಗ್ಗರಣೆ ಸದ್ದು."

"ಯಾರು ಬಿಡ್ತೀನಂದ್ರು?"

"ಕೈ ಬಿಡ್ತಿಲ್ವಲ್ಲ. ನಮ್ಮ ಮೈದುನ ಇದ್ದಾನೆ. ಅವನಿಗೆ ಈ ಹಾಡು ಬರುತ್ತೆ."

"ಬರುತ್ತೆ, ಬರುತ್ತೆ," ಎಂದಳು ಬೇಕರಿಯವಳು. "ನಾವು ಶುರು ಮಾಡೋಕೆ ಮುಂಚೇನೇ ಮುಗಿಸಿ ಕೂತಿರ್ತಾನೆ, ಅಷ್ಟು ಸ್ಪೀಡು."

"ನೀನು ಸುಮ್ನಿರು. ಅಕ್ಕ, ಶನಿವಾರ ಮಧ್ಯಾಹ್ನ ಕೊನೇ ಪ್ರಾಕ್ಟೀಸು. ಆ ಸ್ವರ ಪೂರ್ತಿ ಬಂತು ಅಂದ್ರೆ ನೀವೇ. ಬರ್ಲಿಲ್ಲ ಅಂದ್ರೆ ಈ ಸಲ ಅವನು. ಮುಂದಿನ ಸಲ ಮತ್ತೆ ನೀವು."

ಮುಂದಿನ ಸಲ ಎಂಬುದು ಒಂದು ಇರುತ್ತದೆಂದು ಮೂವರಲ್ಲಿ ಯಾರೂ ನಂಬಿರಲಿಲ್ಲ.

ಗಿಟಾರಿನವಳು ತನ್ನ ಅಣ್ಣನೊಡನೆ ಒಂದೇ ಮನೆಯಲ್ಲಿದ್ದಳು. ಇನ್ನು ಮುಂದೆ ಅವಳನ್ನು ತಂಗಿ ಎಂದೇ ಕರೆಯೋಣ, ಮನೆಯಲ್ಲಿ ಅವಳಿಗಿದ್ದ ಹೆಸರು ಅದೇ. ಅಣ್ಣ ತೂಕ ಮತ್ತು ಅಳತೆಯ ಇಲಾಖೆಯಿಂದ ನಿವೃತ್ತನಾದವನು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಮೊಹರು ಒತ್ತುವುದು ಅವನ ಉದ್ಯೋಗವಾಗಿತ್ತು. ತಂಗಿಯ ಗೆಳತಿಯರು ಅವನನ್ನು ತಕ್ಕಡಿಯಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆಯಲ್ಲ, ಎದುರಿಗೇ. ಅವನು ಅದನ್ನು ಬಿರುದೆಂದು ತಿಳಿದಿದ್ದನು.

"ಏನಾಯ್ತು?" ಎಂದು ಅಣ್ಣ ಕೇಳಿದನು. "ಬಾಗಿಲು ಹಾಕಿದ ಸದ್ದು ಸರಿಯಿಲ್ಲ."

"ಏನಿಲ್ಲ."

"ಏನಿಲ್ಲ ಅನ್ನೋದು ಉತ್ತರ ಅಲ್ಲ."

"ಹಾಗಾದ್ರೆ ಸೊನ್ನೆ ಅಂತ ಬರ್ಕೋ."

ಗಿಟಾರನ್ನು ಊಟದ ಮೇಜಿನ ಮೇಲೆ ಮಲಗಿಸಿ ಅವಳು ಎಲ್ಲವನ್ನೂ ಹೇಳಿದಳು. ಅಣ್ಣ ಮೂರನೆಯ ತಂತಿಯನ್ನು ಬೆರಳಿನಿಂದ ಒತ್ತಿ ನೋಡಿದನು. ಸಂಗೀತದಲ್ಲಿ ಅವನಿಗೆ ರುಚಿಯಿರಲಿಲ್ಲ. ಆದರೆ ಬಿಗಿ ಎಂಬುದು ಅವನ ವಿಷಯ.

"ಇದಕ್ಕಿಂತ ಹಗುರದ ತಂತಿ ಸಿಗೋದಿಲ್ವಾ?"

"ಸಿಗುತ್ತೆ. ಇದು ದಪ್ಪ ಸೆಟ್ಟು. ಮಣಿಕಟ್ಟು ಗಟ್ಟಿಯಿದ್ದಾಗ ಹಾಕಿಸಿದ್ದು. ನಾಳೆ ಹೋಗಿ ತೆಳುವಾದದ್ದು ತಂದ್ರಾಯ್ತು."

"ಎಷ್ಟು ತೆಳು?"

"ಅಲ್ಲಿ ಹೋಗಿ ನೋಡಿದ್ರೆ ಗೊತ್ತಾಗುತ್ತೆ."

ನೋಡಿದರೆ ಗೊತ್ತಾಗುತ್ತದೆ ಎಂಬ ಮಾತನ್ನು ಅಣ್ಣ ತನ್ನ ಸೇವಾವಧಿಯಲ್ಲಿ ಅನೇಕ ವ್ಯಾಪಾರಿಗಳ ಬಾಯಲ್ಲಿ ಕೇಳಿದ್ದನು, ಅವರಲ್ಲಿ ಹಲವರಿಗೆ ದಂಡ ಹಾಕಿದ್ದನು. ಮರುದಿನ ಅವನೂ ಕೋಟು ತೊಟ್ಟು ಹೊರಟನು.

ವಾದ್ಯದ ಅಂಗಡಿಯ ಗೋಡೆಯ ತುಂಬ ಗಿಟಾರುಗಳು ಬಾವಲಿಗಳಂತೆ ನೇತಾಡುತ್ತಿದ್ದವು. ತಂತಿಯ ಪೊಟ್ಟಣಗಳು ಗಾಜಿನ ಕೆಳಗೆ ಸಾಲಾಗಿದ್ದವು, ಪ್ರತಿಯೊಂದರ ಮೇಲೂ ಒಂದು ಅಂಕಿ. ಅದು ಆ ಸೆಟ್ಟಿನ ಅತ್ಯಂತ ತೆಳು ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ತಂಗಿಯ ಗಿಟಾರಿನಲ್ಲಿದ್ದುದು ಹನ್ನೊಂದರ ಸೆಟ್ಟು. ಅಂಗಡಿಯವನು ಹತ್ತನ್ನೂ ಒಂಬತ್ತನ್ನೂ ತೆಗೆದಿಟ್ಟನು.

"ಎಂಟು?" ಎಂದಳು ತಂಗಿ.

"ಖಾಲಿ, ಮೇಡಂ. ಮುಂದಿನ ವಾರ ಬರುತ್ತೆ."

"ಮುಂದಿನ ವಾರ ನಾನು ಈಜು ಕಲೀತಿರ್ತೀನಿ. ಒಂಬತ್ತು ಕೊಡಿ."

"ತಡಿ," ಎಂದನು ಅಣ್ಣ. "ಇದು ಎಷ್ಟು ಎಳೆಯುತ್ತೆ?"

"ಏನು ಸಾರ್?"

"ಶ್ರುತಿಗೆ ಬಿಗಿದಾಗ ಈ ತಂತಿ ಎಷ್ಟು ಕಿಲೋ ಎಳೆಯುತ್ತೆ?"

ಅಂಗಡಿಯವನು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಅಣ್ಣನನ್ನು ನೋಡಿದನು. "ಇದು ಹಗುರ ಸಾರ್. ಅದು ಸ್ವಲ್ಪ ಹಗುರ."

"ಹಗುರ ಅಂದ್ರೆ ಎಷ್ಟು?"

"ಹಗುರ ಅಂದ್ರೆ... ಹಗುರ. ಇಷ್ಟು ವರ್ಷದಲ್ಲಿ ಇದನ್ನ ಕೇಳಿದೋರು ನೀವೇ ಮೊದಲು. ಎಲ್ಲರೂ ಯಾವುದು ಜೋರಾಗಿ ಕೇಳುತ್ತೆ ಅಂತಾರೆ."

"ಬೇಜಾರು ಮಾಡ್ಕೋಬೇಡಿ," ಎಂದಳು ತಂಗಿ. "ನಮ್ಮಣ್ಣ ಐಸ್‌ಕ್ರೀಮನ್ನೂ ಒಂದ್ಸಲ ಗಟ್ಟಿಯಿದ್ದಾಗ ತೂಗ್ತಾನೆ, ಒಂದ್ಸಲ ಕರಗಿದ ಮೇಲೆ."

"ಎರಡೂ ಒಂದೇ ಇರಬೇಕು," ಎಂದನು ಅಣ್ಣ. "ಇರಲಿಲ್ಲ. ಚಮಚಕ್ಕೆ ಅಂಟಿತ್ತು."

ಕೊನೆಗೆ ಅವರು ಒಂಬತ್ತರ ಸೆಟ್ಟೊಂದನ್ನೂ, ಮೂರನೆಯ ತಂತಿಯ ಜಾಗಕ್ಕೆ ಆಗುವಂಥ ಬಿಡಿ ತಂತಿಗಳನ್ನು ಬಗೆಗೆರಡರಂತೆಯೂ ಕೊಂಡರು. ಬಿಡಿಯವುಗಳಲ್ಲಿ ಹೆಚ್ಚಿನವು ನುಣುಪು ಉಕ್ಕಿನ ತಂತಿಗಳು. ಒಂದು ಬಗೆ ಮಾತ್ರ ಬೇರೆ; ಒಳಗೊಂದು ಎಳೆ, ಅದರ ಮೇಲೆ ಇನ್ನೊಂದು ಎಳೆಯನ್ನು ಒತ್ತಾಗಿ ಸುತ್ತಿದ್ದು. ಗಿಟಾರಿನ ದಪ್ಪ ತಂತಿಗಳೆಲ್ಲ ಹೀಗೆ ಸುತ್ತಿದವೇ. ಮೂರನೆಯದಕ್ಕೂ ಕೆಲವರು ಇದನ್ನು ಹಾಕುತ್ತಾರೆಂದು ಅಂಗಡಿಯವನು ಹೇಳಿದನು.

ಶುಕ್ರವಾರ ಮಧ್ಯಾಹ್ನ ಊಟದ ಮೇಜು ಪ್ರಯೋಗಶಾಲೆಯಾಯಿತು. ಗಿಟಾರಿನ ಮೇಲೆ ತಂತಿ ಮಿಡಿಯುವಷ್ಟು ಉದ್ದವನ್ನು ಅಣ್ಣ ಟೇಪಿನಿಂದ ಅಳೆದು, ಮೇಜಿನ ಮೇಲೆ ಅಷ್ಟೇ ಅಂತರದಲ್ಲಿ ಎರಡು ಮರದ ತುಂಡುಗಳನ್ನು ನಿಲ್ಲಿಸಿದನು. ತಂತಿಯ ಒಂದು ತುದಿಯನ್ನು ಮೇಜಿನ ಈ ಅಂಚಿಗೆ ಭದ್ರಪಡಿಸಿ, ಇನ್ನೊಂದು ತುದಿಯನ್ನು ಆ ಅಂಚಿನಿಂದ ಕೆಳಗಿಳಿಸಿ, ಕೊಕ್ಕೆಗೆ ಸುತ್ತಿ, ಕೊಕ್ಕೆಗೆ ಬಕೆಟ್ಟು ನೇತುಹಾಕಿದನು. ಬಕೆಟ್ಟಿಗೆ ನೀರು ಹೊಯ್ದಷ್ಟೂ ತಂತಿ ಬಿಗಿಯಾಗುತ್ತದೆ. ಸರಿಯಾದ ಸ್ವರ ಬಂದಾಗ ಬಕೆಟ್ಟನ್ನು ಇಳಿಸಿ ತೂಗಿದರೆ ತಂತಿ ಎಷ್ಟು ಎಳೆಯುತ್ತದೆಂಬುದು ತಿಳಿಯುತ್ತದೆ. ಅಂಗಡಿಯವನಿಗೆ ತಿಳಿಯದೆ ಹೋದದ್ದು ಇಷ್ಟು ಸುಲಭ.

ತಂಗಿ ಮೇಜಿಗೆ ಕಿವಿ ಹತ್ತಿಸಿ ತಂತಿ ಮೀಟುತ್ತಿದ್ದಳು. ಅಣ್ಣ ಮಗ್ಗಿನಿಂದ ನೀರು ಹೊಯ್ಯುತ್ತಿದ್ದನು.

"ಇನ್ನೂ ಕೆಳಗಿದೆ. ಹಾಕು. ಇನ್ನೂ. ಇನ್ನೂ. ಅಯ್ಯೋ, ಧಾರಾಳವಾಗಿ ಹಾಕೋ ಅಣ್ಣ, ನಲ್ಲಿ ನೀರು ತಾನೇ!"

"ಜಾಸ್ತಿಯಾದ್ರೆ ವಾಪಸ್ ತೆಗೀಬೇಕು."

"ಬಂತು! ನಿಲ್ಲಿಸು!"

ಹಳೆಯ ದಪ್ಪ ತಂತಿ ಎಂಟು ಕಿಲೋ ನಾನೂರು ಗ್ರಾಂ ತೂಗಿತು. ತಂಗಿ ತಕ್ಕಡಿಯ ಮುಳ್ಳನ್ನು ನೋಡಿ ಹುಬ್ಬೇರಿಸಿದಳು.

"ಅಂದ್ರೆ ಇಷ್ಟು ದಿನ ನಾನು ಒಂದು ಬೆರಳಲ್ಲಿ ತೆವಳೋ ಮಗೂನ ಎತ್ತಿದ್ದೀನಿ."

"ಎತ್ತಿಲ್ಲ. ಪಕ್ಕಕ್ಕೆ ತಳ್ಳಿದ್ದೀಯ."

"ಪಾಪ, ಮಗು."

ಅಷ್ಟರಲ್ಲಿ ಬೇಕರಿಯವಳು ಬಿಸಿ ಬ್ರೆಡ್ಡು ಹಿಡಿದು ಒಳಗೆ ಬಂದಳು. ಸಮಾಧಾನ ಹೇಳಲೆಂದು ಬಂದವಳು ಮೇಜು, ತಂತಿ, ತೂಗಾಡುವ ಬಕೆಟ್ಟು ಎಲ್ಲವನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಇದೇನು ತಕ್ಕಡಿಯಣ್ಣ, ಮೇಜಿಗೆ ಗ್ಲೂಕೋಸ್ ಏರಿಸ್ತಿದ್ದೀರಾ? ನರ್ಸಮ್ಮನ್ನ ಕರೀಲಾ?"

"ಬಾ ಇಲ್ಲಿ, ಮಗ್ಗು ಹಿಡಿ," ಎಂದಳು ತಂಗಿ. "ಇವನು ಹನಿ ಹನಿ ಲೆಕ್ಕ ಹಾಕ್ತಿದ್ದಾನೆ. ಹೀಗೆ ಆದ್ರೆ ಭಾನುವಾರ ಕಳೆದುಹೋಗುತ್ತೆ."

ಮೂವರು ಸೇರಿದ ಮೇಲೆ ಕೆಲಸ ಚುರುಕಾಯಿತು, ನೆಲವೂ ಒದ್ದೆಯಾಯಿತು. ಹತ್ತರ ಸೆಟ್ಟಿನ ಮೂರನೆಯ ತಂತಿ ಏಳೂವರೆ ಕಿಲೋ. ಒಂಬತ್ತರದು ಆರು ಕಿಲೋ ಏಳುನೂರು. ಕೊನೆಗೆ ಸುತ್ತಿದ ತಂತಿಯನ್ನು ಕಟ್ಟಿದರು. ಆರೂವರೆ ಕಿಲೋಗೇ ತಂಗಿ "ಬಂತು" ಎಂದಳು. ಅಣ್ಣ ಎರಡನೆಯ ಸಲ ತೂಗಿದನು. ಆರೂವರೆಯೇ.

ಇಷ್ಟಕ್ಕೆ ನಿಲ್ಲಿಸದೆ, ತಳ್ಳುವುದಕ್ಕೆ ಬೇಕಾಗುವ ಶ್ರಮವನ್ನೂ ಪರೀಕ್ಷಿಸಬೇಕೆಂದು ಅವನು ಪ್ರತಿ ತಂತಿಯನ್ನೂ ಮೇಜಿನ ಮೇಲೆಯೇ ಬೆರಳಿನಿಂದ ಪಕ್ಕಕ್ಕೆ ಸರಿಸಿ ನೋಡಿದ್ದನು. ಸುತ್ತಿದ್ದು ಎಲ್ಲಕ್ಕಿಂತ ಸಲೀಸಾಗಿ ಸರಿಯಿತು. ತಂಗಿಯೂ ಸರಿಸಿ ನೋಡಿದಳು. ಮಣಿಕಟ್ಟು ತುಟಿಪಿಟಿಕ್ಕೆನ್ನಲಿಲ್ಲ. ಅವಳ ಮುಖ ಅರಳಿತು.

"ಬೆಣ್ಣೆ! ಆದ್ರೆ ಅಣ್ಣ, ಸುತ್ತಿದ ತಂತೀನ ಮೂರನೇದಕ್ಕೆ ಹಾಕಿ ಈ ಥರದ ಹಾಡು ನುಡಿಸೋರನ್ನ ನಾನು ನೋಡಿಲ್ಲ."

"ಅವರು ಯಾರೂ ತೂಗಿ ನೋಡಿಲ್ಲ."

"ಇನ್ನೂರು ಗ್ರಾಂ ತಾನೇ ವ್ಯತ್ಯಾಸ?"

"ಇನ್ನೂರು ಗ್ರಾಂ ಎಷ್ಟು ಅಂತ ನಿನ್ನ ಮಣಿಕಟ್ಟನ್ನ ಕೇಳು, ನನ್ನನ್ನಲ್ಲ."

ತಂಗಿ ಸುತ್ತಿದ ತಂತಿಯ ಎರಡನೆಯ ಪೊಟ್ಟಣವನ್ನು ಒಡೆದಳು. ಬೇಕರಿಯವಳು ಬ್ರೆಡ್ಡು ಕತ್ತರಿಸಿ ಹಂಚಿದಳು. ಸಂಜೆಯೊಳಗೆ ಗಿಟಾರಿನ ಹಳೆಯ ತಂತಿಗಳೆಲ್ಲ ಇಳಿದು, ಒಂಬತ್ತರ ಸೆಟ್ಟು ಏರಿತು. ಮೂರನೆಯದರ ಜಾಗದಲ್ಲಿ ಮಾತ್ರ ಸುತ್ತಿದ ತಂತಿ.

ಹೊಸ ತಂತಿಗಳು ಒಂದು ರಾತ್ರಿ ಹಿಗ್ಗಿ ಹದಕ್ಕೆ ಬರಲೆಂದು ಬಿಟ್ಟು, ಶನಿವಾರ ಬೆಳಿಗ್ಗೆ ತಂಗಿ ಗಿಟಾರನ್ನು ಹೆಗಲಿಗೇರಿಸಿದಳು. ಮೊದಲ ಹಾಡು ಬೆರಳ ಕೆಳಗೆ ನೀರಿನಂತೆ ಹರಿಯಿತು. ಎರಡನೆಯದೂ ಹಾಗೆಯೇ. ಅಣ್ಣ ಪತ್ರಿಕೆಯ ಹಿಂದೆ ಕುಳಿತು ತನ್ನ ಪಾದ ತಾಳ ಹಾಕುತ್ತಿರುವುದನ್ನು ಗಮನಿಸಿ ಅದನ್ನು ನಿಲ್ಲಿಸಿದನು. ಆಮೇಲೆ ಕೊನೆಯ ಹಾಡು, ಆ ಜಾಗ. ತಂಗಿ ಮೀಟಿದಳು, ತಳ್ಳಿದಳು.

ಸ್ವರ ಏಳಲಿಲ್ಲ. ತಂತಿ ಪಕ್ಕಕ್ಕೆ ಹೋಗುತ್ತಿತ್ತು, ಸ್ವರ ಹೋಗುತ್ತಿರಲಿಲ್ಲ. ಇನ್ನಷ್ಟು ತಳ್ಳಿದಾಗ ತಂತಿ ಪಕ್ಕದ ತಂತಿಯ ಅಡಿಗೆ ನುಗ್ಗಿತು, ಅದರಾಚೆಯದಕ್ಕೂ ತಗುಲಿತು; ಸ್ವರ ಮಾತ್ರ ಮಂಚದಿಂದೇಳದ ಸೋಮಾರಿಯ ಹಾಗೆ ಒಂದಿಷ್ಟು ಹೊರಳಿ ಅಲ್ಲೇ ಮಲಗಿತು. ಹಳೆಯ ತಂತಿಯಲ್ಲಿ ಅರ್ಧವಾದರೂ ಬಂದಿತ್ತು. ಇದರಲ್ಲಿ ಅರ್ಧವೂ ಇಲ್ಲ.

ತಂಗಿ ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿದಳು.

"ಅಣ್ಣ, ನರ್ಸಮ್ಮನಿಗೆ ಫೋನ್ ಮಾಡಿಬಿಡು. ಮೈದುನ ಶರ್ಟಿಗೆ ಇಸ್ತ್ರಿ ಹಾಕ್ಕೊಳ್ಳಲಿ."

"ಮೇಜಿನ ಮೇಲೆ ಸರಿಯಾಗಿತ್ತು."

"ಹಾಗಾದ್ರೆ ಮೇಜನ್ನೇ ಹೊತ್ಕೊಂಡು ಹೋಗೋಣ ಈಜುಕೊಳಕ್ಕೆ! ನೀನು ನೀರು ಹುಯ್ಯಿ, ನಾನು ನುಡಿಸ್ತೀನಿ."

ಅಣ್ಣ ಮೇಜಿನ ಬಳಿ ಹೋಗಿ, ಮರದ ತುಂಡುಗಳ ನಡುವಿನ ಅಂತರವನ್ನು ಮತ್ತೆ ಅಳೆದನು. ಸರಿಯಿತ್ತು. ತಕ್ಕಡಿಯನ್ನು ಪರೀಕ್ಷಿಸಿದನು. ಅದೂ ಸರಿಯಿತ್ತು. ಸುತ್ತಿದ ತಂತಿ, ಅದಕ್ಕೆ ನೇತುಬಿದ್ದ ಆರೂವರೆ ಕಿಲೋ ನೀರು, ಹಿಂದಿನ ದಿನ ಬಿಟ್ಟಂತೆಯೇ ಇದ್ದವು. ಎಲ್ಲವೂ ಸರಿಯಿದ್ದು ಉತ್ತರ ತಪ್ಪಾಗುವುದು ಅವನಿಗೆ ತೀರ ಹೊಸದು. ಅವನು ಕುರ್ಚಿಯಲ್ಲಿ ಕುಳಿತು ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡನು. ಅವನ ಆ ಭಂಗಿಯನ್ನು ಕಂಡು ತಂಗಿಗೆ ತನ್ನ ಸಿಟ್ಟು ಮರೆತುಹೋಯಿತು.

"ಏಳೋ, ಹೋಗ್ಲಿ ಬಿಡು. ನೀನಾದ್ರೂ ಏನು ಮಾಡ್ತೀಯ, ತಂತಿ ಮಾತು ಕೇಳದಿದ್ರೆ," ಎಂದು ಅವಳು ಮೇಜಿನ ಮೇಲಿನ ತಂತಿಯನ್ನು ಸುಮ್ಮನೆ ಮೀಟಿದಳು. ಮೀಟಿದ ಕೈಯನ್ನು ಸುಮ್ಮನಿಡಲಾರದೆ ಇನ್ನೊಂದು ಕೈಯಿಂದ ತಳ್ಳಿದಳು. ತಂತಿ ಸಲೀಸಾಗಿ ಸರಿಯಿತು. ಸ್ವರ ಹಾಗೆಯೇ ಇತ್ತು. ಇನ್ನೂ ತಳ್ಳಿದಳು. ಇನ್ನೂ ಸಲೀಸು, ಸ್ವರ ಹಾಗೆಯೇ. ನಾಲ್ಕು ಬೆರಳಗಲ ತಳ್ಳಿದಾಗ ಅವಳ ಕಣ್ಣು ಅಕಸ್ಮಾತ್ತಾಗಿ ಮೇಜಿನ ಆಚೆಯ ಅಂಚಿಗೆ ಹೋಯಿತು.

"ಅಣ್ಣ."

"ಏನು?"

"ಬಕೆಟ್ಟು ಮೇಲೆ ಬರ್ತಿದೆ."

ಅಣ್ಣ ಎದ್ದು ಬಂದನು. ತಂಗಿ ತಂತಿಯನ್ನು ಬಿಟ್ಟಳು; ಬಕೆಟ್ಟು ಇಳಿಯಿತು. ತಳ್ಳಿದಳು; ಏರಿತು. ಬಿಟ್ಟಳು; ಇಳಿಯಿತು. ಬಾವಿಯಿಂದ ನೀರು ಸೇದುವ ಹಾಗೆ ಅವಳು ಅದನ್ನು ಏರಿಸಿ ಇಳಿಸಿ ಮಾಡುತ್ತಿದ್ದಂತೆ, ಅವಳ ಹೊಟ್ಟೆಯಿಂದ ನಗು ಉಕ್ಕಿ ಬಂದು, ನಿಲ್ಲಲಾರದೆ ನೆಲದ ಮೇಲೇ ಕುಳಿತುಬಿಟ್ಟಳು.

ಅಣ್ಣನಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ನೇತುಬಿದ್ದ ತೂಕ ಬದಲಾಗುವುದಿಲ್ಲ. ಆದ್ದರಿಂದ ತಂತಿಯನ್ನು ಎಷ್ಟು ತಳ್ಳಿದರೂ ಬಿಗಿ ಬದಲಾಗುವುದಿಲ್ಲ, ಬಕೆಟ್ಟು ಮೇಲೆ ಬಂದು ತಂತಿಗೆ ಜಾಗ ಕೊಡುತ್ತದೆ. ಗಿಟಾರಿನಲ್ಲಿ ತಂತಿಯ ಎರಡು ತುದಿಯೂ ಬಿಗಿದಿವೆ. ಜಾಗ ಕೊಡಲು ಅಲ್ಲಿ ಯಾರೂ ಇಲ್ಲ, ತಂತಿಯೇ ಹಿಗ್ಗಬೇಕು. ಸುತ್ತಿದ ತಂತಿಯಲ್ಲಿ ಎಳೆತ ಹೊರುವುದು ಒಳಗಿನ ತೆಳು ಎಳೆಯೊಂದೇ. ಅದು ಸುಲಭವಾಗಿ ಹಿಗ್ಗುತ್ತದೆ. ಸುಲಭವಾಗಿ ಹಿಗ್ಗುವುದರಲ್ಲಿ ಬಿಗಿ ಬೇಗ ಏರದು. ಅವನು ತಂತಿ ಸುಮ್ಮನೆ ನಿಂತಾಗಿನ ತೂಕವನ್ನು ತೂಗಿದ್ದನು. ತಂಗಿಗೆ ಬೇಕಾಗಿದ್ದುದು ಅದು ನಡೆಯುವಾಗಿನ ಲೆಕ್ಕ.

"ಊರಿನ ಅಂಗಡಿಯವರ ತಕ್ಕಡಿಗೆಲ್ಲ ಮೊಹರು ಹಾಕಿದೋನೇ," ಎಂದಳು ತಂಗಿ ಕಣ್ಣೊರೆಸಿಕೊಳ್ಳುತ್ತ, "ನಿನ್ನ ಬಕೆಟ್ಟಿಗೆ ಯಾರಪ್ಪಾ ಮೊಹರು ಹಾಕಿದ್ದು?"

"ಯಾರೂ ಇಲ್ಲ," ಎಂದನು ಅಣ್ಣ. "ಜಪ್ತಿ ಮಾಡ್ಬೇಕಾದ್ದು."

ಹಾಗೆಂದು ಅವನು ನಕ್ಕನು. ನಗು ಅವನಿಗೆ ಅಭ್ಯಾಸವಿಲ್ಲದ ಕೆಲಸ. ಒಮ್ಮೆ ಹೊರಟ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯದೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡನು. ತಂಗಿ ಅವನ ನಗುವನ್ನು ನೋಡಿ ಇನ್ನೊಮ್ಮೆ ಮೊದಲಿನಿಂದ ನಕ್ಕಳು. ಕೆಳಗಿನ ಮನೆಯವರು ಎರಡು ಸಲ ಛಾವಣಿಗೆ ಕುಟ್ಟಿದರು.

ಹೊತ್ತು ಹೆಚ್ಚಿರಲಿಲ್ಲ. ಸುತ್ತಿದ ತಂತಿಯನ್ನು ಬಿಚ್ಚಿ, ಸೆಟ್ಟಿನ ನುಣುಪು ತಂತಿಯನ್ನೇ ಏರಿಸಿ, ಹಿಗ್ಗಿಸಿ, ಶ್ರುತಿ ಮಾಡಿ, ತಂಗಿ ತಳ್ಳಿದಳು. ಈ ಸಲ ಸ್ವರ ಎದ್ದಿತು; ಮುಕ್ಕಾಲು ದಾರಿ ನಡೆಯಿತು; ಇನ್ನೂ ಸ್ವಲ್ಪ ನಡೆಯಿತು; ಬಾಗಿಲ ಹತ್ತಿರ ಬಂದು ಹೊಸ್ತಿಲಲ್ಲಿ ನಿಂತಿತು. ಅದಕ್ಕಿಂತ ಮುಂದೆ ತಳ್ಳಿದರೆ ಮಣಿಕಟ್ಟಿನಲ್ಲಿ ಛಳಕು. ನೋವು ಬಂದಲ್ಲಿಗೆ ನಿಲ್ಲಿಸಬೇಕೆಂದು ಡಾಕ್ಟರು ಹೇಳಿದ್ದರು.

"ಕೂದಲೆಳೆಯಷ್ಟು," ಎಂದಳು ತಂಗಿ. "ಕೂದಲೆಳೆಯಷ್ಟು ಕಡಿಮೆ, ಅಣ್ಣ. ಆ ಎಂಟರ ಸೆಟ್ಟು ಇದ್ದಿದ್ರೆ!"

ಅಣ್ಣ ಗೋಡೆಯನ್ನು ನೋಡು‍ತ್ತ ನಿಂತಿದ್ದನು. ಲೆಕ್ಕ ಮಾಡುವಾಗ ಅವನು ಗೋಡೆಯನ್ನೇ ನೋಡುವುದು.

"ಶ್ರುತಿ ಇಳಿಸೋಕೆ ಬರುತ್ತಾ?"

"ಯಾವುದರದು?"

"ಎಲ್ಲಾ ತಂತೀದೂ. ಅರ್ಧ ಸ್ವರ."

"ಬರುತ್ತೆ. ಯಾಕೆ?"

"ಎಳೆತ ಸ್ವರದ ವರ್ಗದ ಹಾಗೆ ಹೋಗುತ್ತೆ. ಸ್ವರ ಸ್ವಲ್ಪ ಇಳಿದ್ರೆ ಎಳೆತ ಅದರ ಎರಡರಷ್ಟು ಇಳಿಯುತ್ತೆ. ಅರ್ಧ ಸ್ವರ ಇಳಿಸಿದ್ರೆ ಒಂಬತ್ತರಲ್ಲಿ ಒಂದು ಪಾಲು ಕಡಿಮೆ. ಸುಮಾರು."

"ಸುಮಾರು ಅಂದ್ಯಾ?" ತಂಗಿ ಎದೆ ಮುಟ್ಟಿಕೊಂಡಳು. "ನಮ್ಮಣ್ಣ ಸುಮಾರು ಅಂದ! ಇದು ಗೋಡೆ ಮೇಲಿನ ಲೆಕ್ಕಾನಾ, ಕೈ ಮೇಲಿನ ಲೆಕ್ಕಾನಾ?"

"ನಿನ್ನೆ ತನಕ ನಾನು ಹೇಳ್ತಿದ್ದೆ. ಇವತ್ತು ಕೈ ಹೇಳ್ಲಿ."

ಅವಳು ತಂತಿ ಬಿಗಿಯುವ ಕೀಲಿಗಳನ್ನು ಒಂದೊಂದಾಗಿ ಸಡಿಲಿಸಿದಳು, ಆರೂ ತಂತಿಗಳು ಅರ್ಧ ಸ್ವರ ಕೆಳಗಿಳಿದು ಕುಳಿತವು. ಮೀಟಿದಳು. ತಳ್ಳಿದಳು. ಸ್ವರ ಹೊಸ್ತಿಲು ದಾಟಿತು. ತಂಗಿ ಅಣ್ಣನತ್ತ ತಿರುಗಲಿಲ್ಲ; ಮತ್ತೊಮ್ಮೆ ತಳ್ಳಿದಳು, ಮತ್ತೊಮ್ಮೆ ದಾಟಿತು. ಆಮೇಲೆ ಅವಳ ಮುಖ ತುಸು ಕುಗ್ಗಿತು.

"ಗಿಟಾರು ಇಳೀತು, ಸರಿ. ಹಾಡೂ ಇಳೀಬೇಕಲ್ಲ. ನರ್ಸಮ್ಮ ಎಲ್ಲಾ ಹಾಡನ್ನೂ ಮೇಲಿನ ಶ್ರುತೀಲೇ ಪ್ರಾಕ್ಟೀಸ್ ಮಾಡಿದ್ದಾಳೆ. ಕಾರ್ಯಕ್ರಮದ ಹಿಂದಿನ ದಿನ ಶ್ರುತಿ ಬದಲಾಯಿಸು ಅಂದ್ರೆ ಇಂಜೆಕ್ಷನ್ ಚುಚ್ಚಿಬಿಡ್ತಾಳೆ."

ಅಣ್ಣ ಆಂಪ್ಲಿಫೈಯರನ್ನು ಎತ್ತಿಕೊಂಡನು. ಅವಳು ಗಿಟಾರು ಎತ್ತಿಕೊಂಡಳು.

ಹಿಟ್ಟಿನ ಕೋಣೆಯಲ್ಲಿ ಮೈದುನ ಮೊದಲೇ ಬಂದು ಚೀಲದ ಮೇಲೆ ಕುಳಿತಿದ್ದನು. ಕಪ್ಪು ಶರ್ಟು, ಹೊಳೆಯುವ ಗಿಟಾರು, ಎರಡರ ಮೇಲೂ ಆಗಲೇ ತೆಳುವಾಗಿ ಹಿಟ್ಟು ಕೂತಿತ್ತು. ಅವನು ಎದ್ದು ನಿಂತು, "ಬನ್ನಿ ಅಕ್ಕ," ಎಂದು ಜಾಗ ಬಿಟ್ಟನು. ಒಳ್ಳೆಯ ಹುಡುಗ, ಅದರಿಂದ ತಂಗಿಗೆ ಇನ್ನಷ್ಟು ಕಷ್ಟವಾಯಿತು.

ವಿಷಯ ಕೇಳಿದ ನರ್ಸು ಸೊಂಟದ ಮೇಲೆ ಕೈಯಿಟ್ಟಳು. "ಅರ್ಧ ಸ್ವರ ಕೆಳಗೆ? ಇವತ್ತು? ಅಕ್ಕ, ನಾಳೆ ಬೆಳಿಗ್ಗೆ ನಾವು ಜನರ ಮುಂದೆ ನಿಲ್ಲಬೇಕು. ನನ್ನ ಗಂಟಲೇನು ಕೀಲಿ ತಿರುಗಿಸಿದ್ರೆ ಇಳಿಯೋ ತಂತೀನಾ?"

"ನನ್ನ ಡ್ರಮ್ಮಿಂದೇನೂ ತಕರಾರಿಲ್ಲ," ಎಂದಳು ಬೇಕರಿಯವಳು. "ಮೇಲೆ ಹಾಡಿ, ಕೆಳಗೆ ಹಾಡಿ, ಮಂಚದ ಕೆಳಗೆ ಹಾಡಿ."

"ನಿನ್ನನ್ನ ಯಾರು ಕೇಳಿದ್ರು?"

"ಅತ್ತಿಗೆ, ಒಂದ್ಸಲ ನೋಡಿಬಿಡಿ," ಎಂದನು ಮೈದುನ ಮೆಲ್ಲನೆ. "ಆಗದಿದ್ರೆ ನಾನಿದ್ದೀನಲ್ಲ."

"ಒಂದೇ ಸಲ," ಎಂದು ನರ್ಸು ತನ್ನ ಬೇಸ್ ಗಿಟಾರಿನ ಕೀಲಿಗಳನ್ನು ಗೊಣಗಿಕೊಂಡೇ ಸಡಿಲಿಸಿದಳು.

ಹಾಡು ಶುರುವಾಯಿತು. ಮೊದಲ ಸಾಲಿನಲ್ಲಿ ನರ್ಸಿನ ದನಿ ಹೊಸ ಮನೆಯ ಕತ್ತಲಲ್ಲಿ ಸ್ವಿಚ್ಚು ಹುಡುಕುವ ಕೈಯಂತೆ ತಡವರಿಸಿತು. ಎರಡನೆಯ ಸಾಲಿಗೆ ಸಿಕ್ಕಿತು. ನಡುವೆ ಒಂದು ಎತ್ತರದ ಸಾಲಿದೆ. ಆ ಸಾಲು ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು ರೂಢಿ. ಅಂದು ಆ ಸಾಲು ಬಂತು, ಹೋಯಿತು. ಹಿಮ್ಮಡಿ ನೆಲದಲ್ಲೇ ಇತ್ತು. ನರ್ಸು ಹಾಡುತ್ತಲೇ ತಲೆ ಬಗ್ಗಿಸಿ, ಯಾರದೋ ಕಾಲೆಂಬಂತೆ ತನ್ನ ಕಾಲುಗಳನ್ನು ನೋಡಿಕೊಂಡಳು. ಮರುಕಳಿಸಿದಾಗ ಅದೇ ಸಾಲನ್ನು ನಗುತ್ತ ಹಾಡಿದಳು, ಕೈ ಬೀಸಿ ಹಾಡಿದಳು. ಗೋಡೆಯ ಕಪಾಟಿನ ತಟ್ಟೆಗಳು ಗಲಗಲಿಸಿದವು.

ಆಮೇಲೆ ಆ ಜಾಗ. ಡ್ರಮ್ಮು ನಿಂತಿತು. ನರ್ಸು ಬಾಯಿ ಮುಚ್ಚಿದಳು. ಅಣ್ಣ ಹಿಟ್ಟಿನ ಚೀಲದ ಅಂಚನ್ನು ಎರಡೂ ಕೈಯಿಂದ ಹಿಡಿದನು.

ತಂಗಿ ಮೀಟಿದಳು. ಉಂಗುರದ ಬೆರಳು ತಂತಿಯನ್ನು ತಳ್ಳುತ್ತ ಹೋಯಿತು. ಸ್ವರ ಎದ್ದಿತು, ಕಾಲು ದಾರಿ, ಅರ್ಧ ದಾರಿ, ಆತುರವಿಲ್ಲದೆ, ತನ್ನ ಮನೆಯ ಮೆಟ್ಟಿಲು ಹತ್ತುವವರ ಹಾಗೆ ಏರಿ, ಪೂರ್ತಿ ಮೇಲೆ ಬಂದು ನಿಂತಿತು. ನಿಂತೇ ಇತ್ತು. ಆಂಪ್ಲಿಫೈಯರು ಅದನ್ನು ಹಿಡಿದು, ತುಂಬಿ, ಕೋಣೆಯ ಮೂಲೆ ಮೂಲೆಗೂ ಹಚ್ಚಿತು.

ಅಲ್ಲಿ ಡ್ರಮ್ಮು ಬೀಳಬೇಕಾಗಿತ್ತು. ಬೇಕರಿಯವಳು ಕೋಲುಗಳನ್ನು ಮೇಲೆತ್ತಿದವಳು ಬಾರಿಸುವುದನ್ನು ಮರೆತು, ಬಾಯಿ ತೆರೆದು ಕೇಳುತ್ತಿದ್ದಳು. ಮೈದುನ ಸದ್ದಾಗದಂತೆ ಬಗ್ಗಿ, ತನ್ನ ಗಿಟಾರನ್ನು ಅದರ ಚೀಲದೊಳಗಿಟ್ಟು ಜಿಪ್ಪು ಎಳೆದನು. ತಂಗಿ ಕಣ್ಣು ಮುಚ್ಚಿಕೊಂಡು ಬೆರಳನ್ನು ಮೆಲ್ಲಗೆ ಅಲುಗಿಸಿದಳು. ಆರಬೇಕಾದ ಸ್ವರ ಮತ್ತೆ ಜೀವ ತುಂಬಿಕೊಂಡು ನಡುಗಿತು.

"ಅಕ್ಕಾ, ಬಂತು, ಬಂತು!" ಎಂದು ನರ್ಸು ಕೂಗಿದಳು. "ನೀವೇ ನುಡಿಸಿ ನಾಳೆ! ಈಗ ಬಿಡಿ, ನಾನೂ ಹಾಡ್ಬೇಕು!"

"ತಡಿಯೇ," ಎಂದಳು ತಂಗಿ ಕಣ್ಣು ತೆರೆಯದೆ. "ಇನ್ನೂ ಸ್ವಲ್ಪ ಇದೆ."